ಶಿರಸಿಯ ಕೊಟ್ಟಿಗೆಗೆ ಹಿರೋಷಿಮಾದ ಬಿಡಿಭಾಗ

ಶಿರಸಿಯ ಬಿಡಿಭಾಗದ ಅಂಗಡಿಯಲ್ಲಿ 'ಮಜ್ದಾ' ಎಂದರೆ ಅಂಗಡಿಯವರ ಕೈ ಲಾರಿಯ ಫ್ಯಾನ್ ಬೆಲ್ಟುಗಳ ಕಡೆಗೆ ಹೋಗುತ್ತದೆ. ತಪ್ಪು ಅವರದಲ್ಲ. ನಮ್ಮ ಕಡೆಯವರು ಕಂಡ ಮಜ್ದಾ ಎಂದರೆ ಅಡಿಕೆ ಮೂಟೆ ಹೊತ್ತು ಘಟ್ಟ ಇಳಿಯುತ್ತಿದ್ದ ಸ್ವರಾಜ್ ಮಜ್ದಾ. 'ಅದಲ್ಲ, ರೋಟರಿ ಎಂಜಿನ್ನಿನದು' ಎಂದು ನಾನು ಬಿಡಿಸಿ ಹೇಳಿದ ಮೇಲೆ ಅವರು ಮುಖ ಅರಳಿಸಿಕೊಂಡು, 'ಹಾಗೆ ಹೇಳಿ ಹೆಗಡೆಯವರೇ, ರೋಟವೇಟರ್ ಬ್ಲೇಡು ತಾನೇ? ಎಷ್ಟು ಬೇಕು?' ಎಂದರು.

ಬೆಂಗಳೂರಿನಲ್ಲಿರುವ ನನ್ನ ಭಾವನ 2004ರ ಆರ್‌ಎಕ್ಸ್-8, ಅಂದರೆ ಜಪಾನಿನ ಹಿರೋಷಿಮಾದ ಮಜ್ದಾ ಕಂಪನಿಯ ರೋಟರಿ ಎಂಜಿನ್ನಿನ ಕಾರು, ಬಿಸಿಯಾದ ಮೇಲೆ ಮತ್ತೆ ಸ್ಟಾರ್ಟ್ ಆಗುವುದನ್ನು ನಿಲ್ಲಿಸಿತ್ತು. ಅದರ ಎಂಜಿನ್ ಇಳಿಸಿ ಟೆಂಪೋದಲ್ಲಿ ತಂದು, ದನಗಳಿಲ್ಲದೆ ಖಾಲಿ ಬಿದ್ದಿದ್ದ ನಮ್ಮ ಕೊಟ್ಟಿಗೆಯಲ್ಲಿ ಇಟ್ಟೆವು. ನಾನು ವೃತ್ತಿಯಲ್ಲಿ ಮೆಕ್ಯಾನಿಕ್ ಅಲ್ಲ. ತೋಟದ ಪಂಪ್‌ಸೆಟ್ಟು, ಔಷಧಿ ಹೊಡೆಯುವ ಯಂತ್ರ, ಹುಲ್ಲು ಕತ್ತರಿಸುವ ಯಂತ್ರಗಳನ್ನು ಬಿಚ್ಚಿ ಜೋಡಿಸಿ ಕೈ ಪಳಗಿದವನು. ಎಂಜಿನ್ ಮತ್ತೆ ಜೋಡಣೆಯಾಗಲು ಎರಡು ಮಳೆಗಾಲ ಕಳೆಯಿತು. ಅದರಲ್ಲಿ ಸ್ಪ್ಯಾನರ್ ಹಿಡಿದ ದಿನಗಳು ಕಡಿಮೆ, ಬಿಡಿಭಾಗಗಳ ಬೆನ್ನು ಹತ್ತಿದ ದಿನಗಳೇ ಹೆಚ್ಚು. ಇಲ್ಲಿ ಬರೆಯುತ್ತಿರುವುದು ಆ ಎರಡನೆಯದನ್ನು. ಜೋಡಿಸುವ ಕ್ರಮ ಕೈಪಿಡಿಯಲ್ಲಿ ಚೆನ್ನಾಗಿಯೇ ಇದೆ. ಏನನ್ನು, ಯಾವಾಗ, ಎಲ್ಲಿಂದ ಕೊಳ್ಳಬೇಕು ಎಂಬುದು ಮಾತ್ರ ಅದರಲ್ಲಿಲ್ಲ.

ಇಲ್ಲಿ ಬೋರಿಂಗ್ ಇಲ್ಲ

ದೋಸೆಗೆ ರುಬ್ಬುವ ಒರಳನ್ನು ನೆನಪಿಸಿಕೊಳ್ಳಿ. ಗುಂಡು ತನ್ನ ಸುತ್ತ ತಾನು ತಿರುಗುತ್ತಲೇ ಗುಳಿಯ ಅಂಚನ್ನು ಸವರಿಕೊಂಡು ಸುತ್ತು ಬರುತ್ತದೆ. ಆ ಗುಂಡಿಗೆ ಮೂರು ಮೂಲೆ ಮಾಡಿ, ಗುಳಿಯನ್ನು ಎರಡು ಬೀಜದ ಶೇಂಗಾ ಕಾಯಿಯಂತೆ ಸೊಂಟವಿರುವ ಆಕಾರಕ್ಕೆ ತಂದರೆ ರೋಟರಿ ಎಂಜಿನ್ನಿನ ಒಳಗು ಕಣ್ಣಿಗೆ ಕಟ್ಟುತ್ತದೆ. ಮೂರು ಮೂಲೆಯ ಗುಂಡೇ ರೋಟರ್. ಅದು ತಿರುಗುವ ಗೂಡು ರೋಟರ್ ಹೌಸಿಂಗ್: ಅಲ್ಯುಮಿನಿಯಂ ಎರಕ, ಅದರ ಒಳಮೈಗೆ ಉಕ್ಕಿನ ಹಾಳೆ, ಹಾಳೆಯ ಮೇಲೆ ಕ್ರೋಮ್ ಲೇಪ. ಎರಡು ರೋಟರಿನ ಎಂಜಿನ್ನಿನಲ್ಲಿ ಬೀಡುಕಬ್ಬಿಣದ ಮೂರು ಪಕ್ಕದ ಫಲಕಗಳು, ಅವುಗಳ ನಡುವೆ ಎರಡು ಹೌಸಿಂಗ್, ಹೀಗೆ ಐದು ಪದರ. ಇಡ್ಲಿ ಪಾತ್ರೆಯ ತಟ್ಟೆಗಳಂತೆ ಇವನ್ನು ಪೇರಿಸಿ, ಉದ್ದನೆಯ ಬೋಲ್ಟುಗಳಿಂದ ಒಟ್ಟಿಗೆ ಬಿಗಿದಿರುತ್ತಾರೆ.

ಊರಿನ ಮೆಕ್ಯಾನಿಕ್ ನೋಡಲು ಬಂದವರು ಮೊದಲು ಹೇಳಿದ್ದು, 'ಹುಬ್ಬಳ್ಳಿಗೆ ಕಳಿಸಿ ಬೋರಿಂಗ್ ಮಾಡಿಸಿ, ಓವರ್‌ಸೈಜ್ ಹಾಕಿಬಿಡಿ' ಎಂದು. ಪಿಸ್ಟನ್ ಎಂಜಿನ್ನಿಗೆ ಅದು ಸರಿಯಾದ ಮಾತು. ಇಲ್ಲಿ ಆ ದಾರಿಯೇ ಇಲ್ಲ. ಕ್ರೋಮ್ ಎದ್ದುಹೋದ ಹೌಸಿಂಗನ್ನು ಕೊರೆದು ದೊಡ್ಡದು ಮಾಡಲು ಬರುವುದಿಲ್ಲ, ದೊಡ್ಡ ಅಳತೆಯ ರೋಟರ್ ಯಾರೂ ಮಾರುವುದೂ ಇಲ್ಲ. ಸವೆದ ಹೌಸಿಂಗ್ ಎಂದರೆ ಹೊಸ ಹೌಸಿಂಗ್, ಅಷ್ಟೇ. ಕೊಳ್ಳುವ ಪಟ್ಟಿ ಈ ಎಂಜಿನ್ನಿಗೆ ಇಷ್ಟು ಮುಖ್ಯವಾಗುವುದು ಇದೇ ಕಾರಣಕ್ಕೆ.

ನಿಮ್ಮ ಕೈಯಲ್ಲಿರುವುದು ಯಾವುದು?

ರೋಟರಿ ಎಂಬ ಒಂದೇ ಹೆಸರಿನಡಿ ಒಂದಕ್ಕೊಂದು ಹೊಂದದ ಭಾಗಗಳು ಬಹಳ. ಮಜ್ದಾದ 12ಎ ಮತ್ತು 13ಬಿ ಎಂಬ ಎಂಜಿನ್ ಮಾದರಿಗಳೆರಡರಲ್ಲೂ ರೋಟರಿನ ಮೂಲೆಯಿಂದ ಕೇಂದ್ರಕ್ಕೆ 105 ಮಿ.ಮೀ., ಶಾಫ್ಟಿನ ಕೇಂದ್ರಪಲ್ಲಟ (ಶಾಫ್ಟಿನ ಕೇಂದ್ರದಿಂದ ರೋಟರಿನ ಕೇಂದ್ರ ಸರಿದಿರುವ ದೂರ) 15 ಮಿ.ಮೀ. ಆದರೆ ಹೌಸಿಂಗಿನ ದಪ್ಪ 12ಎಯಲ್ಲಿ 70, 13ಬಿಯಲ್ಲಿ 80 ಮಿ.ಮೀ. ಹಾಗಾಗಿಯೇ ಒಂದರ ಒಂದೊಂದು ಕೋಣೆ 573 ಸಿಸಿ, ಇನ್ನೊಂದರದು 654 ಸಿಸಿ. ಗುರುತಿನ ಸಂಖ್ಯೆ ಅಳಿಸಿಹೋದ ಎಂಜಿನ್ ಸಿಕ್ಕರೆ ಒಂದು ವರ್ನಿಯರ್ ಕ್ಯಾಲಿಪರ್ ಸಾಕು.

13ಬಿಯೊಳಗೂ ಒಳಭೇದಗಳಿವೆ. ರೋಟರಿನ ಮೂಲೆಯಲ್ಲಿ ಕೂರುವ ಏಪೆಕ್ಸ್ ಸೀಲ್ ಹಳೆಯ ಎಂಜಿನ್ನುಗಳಲ್ಲಿ 3 ಮಿ.ಮೀ. ದಪ್ಪ, 1986ರಿಂದ ಈಚೆಯವುಗಳಲ್ಲಿ 2 ಮಿ.ಮೀ. ಆರ್‌ಎಕ್ಸ್-8ರಲ್ಲಿರುವ ರೆನೆಸಿಸ್ ಎಂಬ 13ಬಿಯಲ್ಲಿ ದಪ್ಪ ಅದೇ 2, ಆದರೆ ಎತ್ತರ ಬೇರೆ. ಮಜ್ದಾದ ಹಿಂದಿನ ರೋಟರಿ ಕಾರು ಆರ್‌ಎಕ್ಸ್-7ರ ಹೊಸ ಸೀಲ್ 8 ಮಿ.ಮೀ. ಎತ್ತರವಿದ್ದರೆ ರೆನೆಸಿಸ್‌ನದು 5.3. ರೆನೆಸಿಸ್ ರೋಟರಿನ ಪಕ್ಕಗಳಲ್ಲಿ ಕೂರುವ ಸೈಡ್ ಸೀಲುಗಳ ಅಡ್ಡಕೊಯ್ತವೂ ಬೇರೆ, ಜೊತೆಗೆ ಹಿಂದಿನ ಎಂಜಿನ್ನುಗಳಲ್ಲಿ ಇರದಿದ್ದ ಕಟ್-ಆಫ್ ಸೀಲ್ ಎಂಬ ಇನ್ನೊಂದು ಉಂಗುರವಿದೆ. 2023ರಲ್ಲಿ ಮಜ್ದಾ ವಿದ್ಯುತ್ ಕಾರಿನ ಜನರೇಟರ್ ಆಗಿ ಮತ್ತೆ ತಂದ 830 ಸಿಸಿಯ ಒಂಟಿ ರೋಟರಿನ ಭಾಗಗಳೂ ನಮಗೆ ಹೊಂದುವುದಿಲ್ಲ. 'ಹೊಸ ರೋಟರಿ ಬಂದಿದೆಯಲ್ಲ' ಎಂದು ಯಾರಾದರೂ ಸಮಾಧಾನ ಹೇಳಿದರೆ ನಂಬಿ ಕೂರಬೇಡಿ.

ಇಷ್ಟು ವಿವರವಾಗಿ ಹೇಳುತ್ತಿರುವುದಕ್ಕೆ ಕಾರಣವಿದೆ. ಎಂಜಿನ್ ಬಿಚ್ಚುವ ಮೊದಲೇ ಉತ್ಸಾಹದಲ್ಲಿ ನಾನೊಂದು 'ಪೂರ್ಣ 13ಬಿ ಕಿಟ್' ತರಿಸಿದ್ದೆ. ಬಂದದ್ದು ಆರ್‌ಎಕ್ಸ್-7ರ ಎತ್ತರದ ಸೀಲುಗಳು. ಮಾರಿದವರದು ತಪ್ಪಿರಲಿಲ್ಲ, ಚೀಟಿಯಲ್ಲಿ ಮಾದರಿ ಸರಿಯಾಗಿಯೇ ಬರೆದಿತ್ತು, ಓದದವನು ನಾನು. ಆ ಸೀಲುಗಳು ಇಂದಿಗೂ ದೇವರ ಕೋಣೆಯ ಪಕ್ಕದ ಕಪಾಟಿನಲ್ಲಿವೆ. ಪ್ರತಿ ವರ್ಷ ಆಯುಧಪೂಜೆಗೆ ಒಂದು ಕುಂಕುಮದ ಬೊಟ್ಟು ಸಿಗುತ್ತದೆ.

ಇಳಿಸುವ ಮೊದಲು ಕಂಪ್ರೆಷನ್

ಎಂಜಿನ್ ಇನ್ನೂ ಕಾರಿನಲ್ಲಿರುವಾಗಲೇ ಕಂಪ್ರೆಷನ್ ಪರೀಕ್ಷೆ, ಅಂದರೆ ಕೋಣೆಗಳಲ್ಲಿ ಎಷ್ಟು ಒತ್ತಡ ನಿಲ್ಲುತ್ತದೆ ಎಂದು ನೋಡುವುದನ್ನು, ಮಾಡಿ ಮುಗಿಸಬೇಕು. ಸಾಮಾನ್ಯ ಗೇಜು ರೋಟರಿನ ಮೂರು ಮುಖಗಳಲ್ಲಿ ಚೆನ್ನಾಗಿರುವುದರ ಒತ್ತಡವನ್ನು ಮಾತ್ರ ಹಿಡಿದಿಟ್ಟುಕೊಂಡು ತೋರಿಸುತ್ತದೆ, ಉಳಿದ ಎರಡರ ಹುಳುಕು ಮುಚ್ಚಿಹೋಗುತ್ತದೆ. ರೋಟರಿಗೆಂದೇ ಇರುವ ಪರೀಕ್ಷಕ ಯಂತ್ರ ಸಿಗದಿದ್ದರೆ ಗೇಜಿನ ಒಳಗಿನ ಚಿಕ್ಕ ಕವಾಟವನ್ನು ತೆಗೆದು, ಮುಳ್ಳಿನ ಕುಣಿತವನ್ನು ಮೊಬೈಲಿನಲ್ಲಿ ನಿಧಾನಗತಿಯ ವೀಡಿಯೊ ಮಾಡಿ ನೋಡಿ. ಮೂರು ಸಮನಾದ ಜಿಗಿತ ಬರಬೇಕು. ರೆನೆಸಿಸ್‌ಗೆ ಮಜ್ದಾ ಕೊಡುವ ಅಂಕಿ: ನಿಮಿಷಕ್ಕೆ 250 ಸುತ್ತಿನಲ್ಲಿ ಚದರ ಸೆಂಟಿಮೀಟರಿಗೆ 8.5 ಕಿಲೋ, 6.9ಕ್ಕಿಂತ ಕೆಳಗಿಳಿದರೆ ಎಂಜಿನ್ ಬಿಚ್ಚಬೇಕು. ನಮ್ಮದರ ಹಿಂಬದಿಯ ರೋಟರಿನಲ್ಲಿ ಒಂದು ಜಿಗಿತ ಗಟ್ಟಿ, ಎರಡು ಮೆತ್ತಗೆ. ಕುಂಟುವ ಮೂರು ಕಾಲಿನ ಪೀಠದ ಹಾಗೆ. ದೋಷ ಹಿಂದಿನ ಕೋಣೆಯಲ್ಲಿದೆ ಎಂಬುದು ಆಗಲೇ ಗೊತ್ತಾದದ್ದರಿಂದ ಬಿಚ್ಚುವಾಗ ಕಣ್ಣು ಎಲ್ಲಿರಬೇಕೆಂದೂ ಗೊತ್ತಿತ್ತು.

ಬಿಚ್ಚಿ, ತೊಳೆದು, ಅಳೆದು, ಆಮೇಲೆ ಪಟ್ಟಿ

ಹುಬ್ಬಳ್ಳಿಯಿಂದ ತಂದ ಉಪಕರಣಗಳು ಇಷ್ಟೇ: ಮೈಕ್ರೋಮೀಟರ್, ಫೀಲರ್ ಗೇಜು, ನೇರ ಅಂಚಿನ ಉಕ್ಕಿನ ಪಟ್ಟಿ, ಅಯಸ್ಕಾಂತದ ಪೀಠವಿರುವ ಡಯಲ್ ಗೇಜು. ಇವುಗಳಿಗೆ ಕೊಟ್ಟ ಹಣ ಒಂದೇ ಸಂಜೆಯಲ್ಲಿ ವಾಪಸು ಬಂತು. ಹೇಗೆಂದರೆ, ಎರಡೂ ಹೌಸಿಂಗ್ ಬದಲಿಸಬೇಕು ಎಂದುಕೊಂಡಿದ್ದ ನಾವು ಒಂದನ್ನೇ ಬದಲಿಸಿದೆವು.

ಬಿಚ್ಚುವಾಗ ಪ್ರತಿ ಸೀಲ್ ಯಾವ ರೋಟರಿನ ಯಾವ ಮೂಲೆಯದು ಎಂದು ಗುರುತಿಟ್ಟು ತೆಗೆಯಿರಿ. ಮೊಟ್ಟೆ ಇಡುವ ರಟ್ಟಿನ ತಟ್ಟೆ ಇದಕ್ಕೆ ಬಹಳ ಅನುಕೂಲ. ನಮ್ಮ ಮನೆಗೆ ಮೊಟ್ಟೆ ಬರುವುದಿಲ್ಲವಾದ್ದರಿಂದ ಅಮ್ಮನಿಗೆ ವಿವರಣೆ ಕೊಡಬೇಕಾಯಿತು, ಅದು ಬೇರೆ ಮಾತು. ಅಡಿಕೆ ಹಾಳೆಯ ತಟ್ಟೆ ಮಾತ್ರ ಬೇಡ. ತೇವ ಹೀರಿ ಬೂಸು ಹಿಡಿದು, ಕಬ್ಬಿಣಕ್ಕೂ ತುಕ್ಕು ಹಿಡಿಸುತ್ತದೆ.

ಅಳೆಯಬೇಕಾದವು ಮುಖ್ಯವಾಗಿ ಇವು. ಏಪೆಕ್ಸ್ ಸೀಲಿನ ಎತ್ತರ: ರೆನೆಸಿಸ್‌ನಲ್ಲಿ 4.5 ಮಿ.ಮೀ.ಗೆ ಇಳಿದರೆ ಮುಗಿಯಿತು. ಹೌಸಿಂಗಿನ ಒಳಮೈ: ಸ್ಪಾರ್ಕ್ ಪ್ಲಗ್ಗಿನ ತೂತುಗಳ ಸುತ್ತ ಮತ್ತು ಎರಡೂ ಅಂಚುಗಳ ಉದ್ದಕ್ಕೆ ಉಗುರು ಆಡಿಸಿ; ಕ್ರೋಮ್ ಸಿಪ್ಪೆ ಎದ್ದಿದ್ದರೆ ಕಣ್ಣಿಗಿಂತ ಮೊದಲು ಉಗುರಿಗೆ ಸಿಗುತ್ತದೆ. ಹೌಸಿಂಗಿನ ದಪ್ಪವನ್ನು ಸುತ್ತಲೂ ನಾಲ್ಕಾರು ಕಡೆ ಅಳೆದಾಗ ವ್ಯತ್ಯಾಸ 0.06 ಮಿ.ಮೀ. ಮೀರಬಾರದು. ಪಕ್ಕದ ಫಲಕಗಳ ಮೇಲೆ ಸೀಲು ಓಡಾಡಿದ ದಾರಿ ಮೆಟ್ಟಿಲಿನಂತೆ ತಗ್ಗಾಗಿರುತ್ತದೆ. 13ಬಿ ಕೈಪಿಡಿಗಳ ಮಿತಿ 0.10 ಮಿ.ಮೀ. ಫಲಕದ ಸಮತಟ್ಟು ತಪ್ಪಿದ್ದು 0.04ರೊಳಗೆ ಇರಬೇಕು. ಇವು ನಾನು ಕಣ್ಣಮುಂದೆ ಇಟ್ಟುಕೊಂಡ ಅಂಕಿಗಳು. ನಿಮ್ಮ ಎಂಜಿನ್ನಿನ ವರ್ಷದ ಕೈಪಿಡಿಯನ್ನು ಪಕ್ಕದಲ್ಲಿ ತೆರೆದಿಟ್ಟೇ ಅಳೆಯಿರಿ.

ಇನ್ನೊಂದನ್ನು ಹೊಸಬರು ನೋಡುವುದೇ ಇಲ್ಲ: ನೀರಿನ ಓ-ರಿಂಗ್ ಕೂರುವ ತೋಡಿನ ಪಕ್ಕದ ತೆಳುಗೋಡೆ. ಕೂಲೆಂಟ್ ಬದಲಿಸದೆ ವರ್ಷಗಟ್ಟಲೆ ಓಡಿಸಿದ ಎಂಜಿನ್ನಿನಲ್ಲಿ ಆ ಗೋಡೆಯನ್ನು ತುಕ್ಕು ತಿಂದಿರುತ್ತದೆ, ಕೆಲವೊಮ್ಮೆ ಬಿರುಕು ಬಿಟ್ಟಿರುತ್ತದೆ. ಎಷ್ಟೇ ಒಳ್ಳೆಯ ಹೊಸ ಓ-ರಿಂಗ್ ಹಾಕಿದರೂ ಅಲ್ಲಿ ನೀರು ನಿಲ್ಲದು. ಕಟ್ಟೆ ಒಡೆದ ಕೆರೆಗೆ ಹೊಸ ತೂಬು ಕೂರಿಸಿದ ಹಾಗೆ.

ಅಳತೆ ಮುಗಿದ ಮೇಲೆ ಮೂರು ರಾಶಿ ಮಾಡಿದೆ. ಕಣ್ಣು ಮುಚ್ಚಿ ಹೊಸದು ಹಾಕಬೇಕಾದ್ದು ಮೊದಲನೆಯದು: ನೀರಿನ ಓ-ರಿಂಗುಗಳು (ನಾಲ್ಕು ಕೂಡುಮೈಗಳಿಗೆ ಒಳಗೊಂದು ಹೊರಗೊಂದು, ಒಟ್ಟು ಎಂಟು), ಎಣ್ಣೆ ಉಂಗುರಗಳೊಳಗಿನ ಓ-ರಿಂಗುಗಳು, ಎಲ್ಲ ಸ್ಪ್ರಿಂಗುಗಳು, ಆರು ಏಪೆಕ್ಸ್ ಸೀಲ್, ಏಪೆಕ್ಸ್ ಮತ್ತು ಸೈಡ್ ಸೀಲುಗಳು ಕೂಡುವ ಮೂಲೆಯಲ್ಲಿ ಕೂರುವ ಹನ್ನೆರಡು ಕಾರ್ನರ್ ಸೀಲ್, ಮುಂದಿನ ಮುಚ್ಚಳದ ಗ್ಯಾಸ್ಕೆಟ್, ಹಿಂಭಾಗದ ಆಯಿಲ್ ಸೀಲ್. ಅಳತೆ ಹೇಳಿದರೆ ಮಾತ್ರ ಬದಲಿಸುವುದು ಎರಡನೆಯದು: ಹನ್ನೆರಡು ಸೈಡ್ ಸೀಲ್, ಎಂಟು ಎಣ್ಣೆ ಉಂಗುರ, ಬೇರಿಂಗುಗಳು. ಬೇರಿಂಗಿನಲ್ಲಿ ತಾಮ್ರದ ಬಣ್ಣ ಇಣುಕಿದರೆ ಚರ್ಚೆ ಬೇಡ. ಮೂರನೆಯದು ಬೇರೆ ಗತಿಯಿಲ್ಲದಿದ್ದಾಗ ಕೊಳ್ಳುವ ದೊಡ್ಡ ಎರಕಗಳು: ಹೌಸಿಂಗ್, ಫಲಕ, ರೋಟರ್, ಶಾಫ್ಟ್. ನಮಗೆ ಈ ರಾಶಿಯಿಂದ ಬೇಕಾದದ್ದು ಹಿಂದಿನ ಹೌಸಿಂಗ್ ಒಂದೇ. ಅದೊಂದರ ಬೆಲೆ, ಸಾಗಣೆ, ಸುಂಕ ಕೂಡಿಸಿದರೆ ಒಂದು ಸ್ಕೂಟರಿನ ಮಾತು.

ಫಲಕದ ಮೆಟ್ಟಿಲು ಸವೆತ ಮಿತಿ ಮೀರಿದ್ದರೂ ತಕ್ಷಣ ಹೊಸದಕ್ಕೆ ಹೋಗಬೇಕಿಲ್ಲ. ಲ್ಯಾಪಿಂಗ್ ಮಾಡಿ ಮೈ ಸಮ ಮಾಡಿಸಬಹುದು. ಆದರೆ ಮೇಲ್ಮೈಯ ಗಟ್ಟಿ ಪದರ ಹೋಗಿರುವುದರಿಂದ ಮತ್ತೆ ನೈಟ್ರೈಡಿಂಗ್ ಆಗಬೇಕು. ಬೆಂಗಳೂರಿನ ಪೀಣ್ಯದಲ್ಲಿ ಆ ಕೆಲಸ ಮಾಡುವ ಘಟಕಗಳಿವೆ. ರೋಟರ್ ಬದಲಿಸುವವರು ಅದರ ಮೇಲೆ ಒತ್ತಿರುವ ತೂಕದ ಅಕ್ಷರವನ್ನೂ ಕಂಪ್ರೆಷನ್ ಅನುಪಾತವನ್ನೂ ಹೊಂದಿಸಿಕೊಳ್ಳಬೇಕು. ರೆನೆಸಿಸ್‌ನದು 10ಕ್ಕೆ 1, ಹಳೆಯ ಟರ್ಬೊ ಎಂಜಿನ್ನುಗಳದು 8.5 ಅಥವಾ 9. ಒಂದು ಕಡೆ ಒಂದು, ಇನ್ನೊಂದು ಕಡೆ ಇನ್ನೊಂದು ಹಾಕಿದರೆ ಎಂಜಿನ್ ಅದುರಿ ತನ್ನ ಬೇರಿಂಗನ್ನು ತಾನೇ ತಿನ್ನುತ್ತದೆ.

ಕಂಪನಿಯದೋ, ಹೊರಗಿನದೋ

ಏಪೆಕ್ಸ್ ಸೀಲಿನ ವಿಷಯದಲ್ಲಿ ರೋಟರಿ ಮಂದಿ ಜಗಳವಾಡಿದಷ್ಟು ನಮ್ಮಲ್ಲಿ ಚಾಲಿಯೋ ಕೆಂಪಡಿಕೆಯೋ ಎಂದೂ ಆಡಿರಲಾರರು. ಹೊರಗಿನ ತಯಾರಕರು ಮಾರುವ ಸೀಲುಗಳಲ್ಲಿ ಹಲವು ಮೆದು ಲೋಹದವು. ಇಂಧನ ಅಕಾಲಕ್ಕೆ ಸಿಡಿದು ಎಂಜಿನ್ ಬಡಿದಾಗ ಒಡೆಯುವ ಬದಲು ಬಾಗುತ್ತವೆ. ಒಡೆದ ಚೂರು ಹೌಸಿಂಗನ್ನು ಕೆರೆದು ಹಾಳು ಮಾಡುವುದು ತಪ್ಪುತ್ತದೆ. ಟರ್ಬೊ ಹಾಕಿ ಒತ್ತಡ ಏರಿಸಿ ಓಡಿಸುವವರಿಗೆ ಇದು ದೊಡ್ಡ ಲಾಭ. ಆದರೆ ಅವು ಬೇಗ ಸವೆಯುತ್ತವೆ, ಕೆಲವು ಹೌಸಿಂಗನ್ನೂ ಜೊತೆಗೆ ಸವೆಸುತ್ತವೆ. ಟರ್ಬೊ ಇಲ್ಲದೆ ರಸ್ತೆಯಲ್ಲಿ ಓಡುವ ಕಾರಿಗೆ ಮಜ್ದಾದ ಸೀಲೇ ಸರಿ ಎಂಬುದು ನನ್ನ ನಿಲುವು. ಹೊಸ ಹೌಸಿಂಗಿಗೆ ಅಷ್ಟು ಹಣ ಸುರಿದು, ಅದನ್ನು ಉಜ್ಜುವ ಸೀಲಿನಲ್ಲಿ ಉಳಿತಾಯ ನೋಡುವುದು ನನಗೆ ಒಗ್ಗಲಿಲ್ಲ.

ಓ-ರಿಂಗುಗಳಲ್ಲಿ ಮಾತ್ರ ಹೊರಗಿನ ಒಳ್ಳೆಯ ತಯಾರಕರ ವೈಟಾನ್ (ಶಾಖ ತಾಳುವ ರಬ್ಬರು) ಮಾಲು ಕಂಪನಿಯದಕ್ಕೆ ಕಡಿಮೆಯಿಲ್ಲ. ಎಣ್ಣೆ ಉಂಗುರಗಳಿಗೆ ನಾನು ಹಾಕಿದ್ದು ಅದನ್ನೇ.

ಭಾಗದ ಸಂಖ್ಯೆಯೇ ನಿಮ್ಮ ಭಾಷೆ

ಜಪಾನಿನವರ ಜೊತೆ ವ್ಯವಹರಿಸಲು ಜಪಾನಿ ಬೇಕಿಲ್ಲ, ಭಾಗದ ಸಂಖ್ಯೆ ಸಾಕು. ಮಜ್ದಾದ ಸಂಖ್ಯೆ ಮೂರು ತುಂಡುಗಳದ್ದು: ಮೊದಲ ನಾಲ್ಕು ಅಕ್ಷರ-ಅಂಕಿ ಎಂಜಿನ್ನಿನ ಅಥವಾ ಮಾದರಿಯ ಕುಲ (ರೋಟರಿಯವು ಹೆಚ್ಚಾಗಿ 'ಎನ್' ಅಕ್ಷರದಿಂದ ಆರಂಭ), ನಡುವಿನ ಎರಡು ಅಂಕಿ ಯಾವ ವಿಭಾಗ ಎಂಬುದು, ಕೊನೆಯ ಮೂರು ಆ ಬಿಡಿಭಾಗ. ಅದರ ಬಾಲಕ್ಕೆ ಒಂದು ಅಕ್ಷರ ಅಂಟಿಕೊಂಡಿದ್ದರೆ ಅದು ತಿದ್ದಿದ ಆವೃತ್ತಿ. ಹಳೆಯ ಸಂಖ್ಯೆಯನ್ನು ಹೊಸ ಸಂಖ್ಯೆ ನುಂಗಿರುವುದು ಸಾಮಾನ್ಯ. 'ತಯಾರಿಕೆ ನಿಂತಿದೆ' ಎಂದು ತೋರಿಸಿದರೆ ಗಾಬರಿಯಾಗದೆ ಬದಲಿ ಸಂಖ್ಯೆ ಇದೆಯೇ ಎಂದು ಕೇಳಿ. ಕಾರಿನ ಚಾಸಿ ಸಂಖ್ಯೆಯನ್ನು ಕೊಟ್ಟು ಹುಡುಕಿಸಿದರೆ ತಪ್ಪು ಇನ್ನೂ ಕಡಿಮೆ. ನಾನು ಒಂದು ಹಳೆಯ ಅಡಿಕೆ ಪಟ್ಟಿ ಪುಸ್ತಕದಲ್ಲಿ ಐದು ಕಾಲಂ ಹಾಕಿಕೊಂಡೆ: ಸಂಖ್ಯೆ, ಎಷ್ಟು ಬೇಕು, ಅಳತೆ ಏನು ಹೇಳಿತು, ಎಲ್ಲಿ ಎಷ್ಟಕ್ಕೆ, ಬಂತೇ. ಮೂರನೆಯ ಕಾಲಂ ಖಾಲಿಯಿದ್ದ ಯಾವುದನ್ನೂ ಕೊಳ್ಳಕೂಡದು ಎಂದು ಭಾವ ಕರಾರು ಹಾಕಿದ. ಹಣ ಅವನದು, ಒಪ್ಪಿದೆ.

ಎಲ್ಲಿಂದ ತರಿಸುವುದು

ಮಜ್ದಾ ಭಾರತದಲ್ಲಿ ಕಾರು ಮಾರುವುದಿಲ್ಲ, ಆದ್ದರಿಂದ ಶೋರೂಮಿನ ಕಿಟಕಿಯೇ ಇಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಅರ್ಧ ದಿನ ಅಲೆದು ನಾನು ಕಲಿತದ್ದು ಇಷ್ಟೇ. ಉಳಿದ ದಾರಿ ಮೂರು.

ಜಪಾನಿನಿಂದ ಮೂಲ ಬಿಡಿಭಾಗಗಳನ್ನು ರಫ್ತು ಮಾಡುವ ಅಮಯಾಮಾದಂಥ ಮಳಿಗೆಗಳು ಮೊದಲನೆಯ ದಾರಿ. ಸಂಖ್ಯೆ ಸರಿಯಿದ್ದರೆ ಮಾಲು ಸರಿಯಿರುತ್ತದೆ, ಬೆಲೆಯೂ ಹಿಡಿತದಲ್ಲಿರುತ್ತದೆ. ತಾಳ್ಮೆ ಮಾತ್ರ ಬೇಕು. ನನ್ನ ಆರ್ಡರಿನಲ್ಲಿ ಹನ್ನೊಂದು ಬಗೆಯ ಭಾಗಗಳಿದ್ದವು. ಹತ್ತು ಬೇಗ ಸಿದ್ಧವಾಗಿ ಒಂದು ಸ್ಪ್ರಿಂಗಿಗಾಗಿ ಎಲ್ಲವೂ ಕಾದವು. ಎರಡನೆಯದು ಅಮೆರಿಕದ ರೋಟರಿ ತಜ್ಞ ಅಂಗಡಿಗಳು, ಉದಾಹರಣೆಗೆ ವಾಷಿಂಗ್ಟನ್ ರಾಜ್ಯದ ಅಟ್ಕಿನ್ಸ್ ರೋಟರಿ. ಸೀಲು, ಓ-ರಿಂಗುಗಳನ್ನು ಸೇರಿಸಿ ಮಾಡಿದ ಕಿಟ್ ಅಲ್ಲಿ ಸಿಗುತ್ತದೆ. ಪತ್ರ ಬರೆದರೆ ಅನುಭವಿಗಳ ಸಲಹೆ ಸಿಗುವುದೇ ಅಲ್ಲಿನ ದೊಡ್ಡ ಅನುಕೂಲ.

ಮೂರನೆಯದು ನಮ್ಮ ಜಿಲ್ಲೆಯವರಿಗೆ ಹತ್ತಿರದ ದಾರಿ: ಕೊಲ್ಲಿ. ಮಜ್ದಾ ಕಾರುಗಳು ದುಬೈನಲ್ಲಿ ಅಧಿಕೃತವಾಗಿಯೇ ಮಾರಾಟವಾಗುತ್ತವೆ, ಭಟ್ಕಳ-ಹೊನ್ನಾವರದ ಕಡೆ ಅಲ್ಲಿ ದುಡಿಯುವವರಿಲ್ಲದ ಕೇರಿ ಕಡಿಮೆ. ಸ್ಪಾರ್ಕ್ ಪ್ಲಗ್, ಸ್ಪ್ರಿಂಗ್, ಗ್ಯಾಸ್ಕೆಟ್‌ನಂಥ ಹಗುರ ಮಾಲನ್ನು ಭಟ್ಕಳದ ಗೆಳೆಯರೊಬ್ಬರು ರಜೆಗೆ ಬರುವಾಗ ತಂದುಕೊಟ್ಟರು. ಹೀಗೆ ತರಿಸುವಾಗ ಬಿಲ್ಲು ಅವರ ಕೈಯಲ್ಲಿರಲಿ, ಕೇಳಿದರೂ ಕೇಳದಿದ್ದರೂ ಘೋಷಿಸಿಯೇ ಹೊರಬರಲಿ. ನಿಮ್ಮ ಹವ್ಯಾಸಕ್ಕಾಗಿ ಇನ್ನೊಬ್ಬರು ವಿಮಾನ ನಿಲ್ದಾಣದಲ್ಲಿ ತಲೆ ತಗ್ಗಿಸಿ ನಿಲ್ಲುವಂತಾಗಬಾರದು. ಲೋಹದ ಭಾರೀ ತುಂಡುಗಳನ್ನು ಯಾರ ಚೀಲಕ್ಕೂ ಹಾಕಬೇಡಿ. ಒಂದು ರೋಟರೇ ನಾಲ್ಕು ಕಿಲೋ ಮೀರುತ್ತದೆ.

ಸ್ಪಾರ್ಕ್ ಪ್ಲಗ್ಗಿನ ಬಗ್ಗೆ ಒಂದು ಎಚ್ಚರಿಕೆ. ಆರ್‌ಎಕ್ಸ್-8ಕ್ಕೆ ಎನ್‌ಜಿಕೆ ಕಂಪನಿಯ ಆರ್‌ಇ7ಸಿ-ಎಲ್ ಎರಡು, ಆರ್‌ಇ9ಬಿ-ಟಿ ಎರಡು ಬೇಕು. ಕೆಳಗಿನ ತೂತಿಗೆ ಎಲ್, ಮೇಲಿನದಕ್ಕೆ ಟಿ. ನಗರದ ಅಂಗಡಿಯೊಂದರಲ್ಲಿ ಅಗ್ಗಕ್ಕೆ ಸಿಕ್ಕ ಒಂದು ಜೊತೆಯನ್ನು ಅಸಲಿಯ ಪಕ್ಕದಲ್ಲಿಟ್ಟು ನೋಡಿದೆ. ಮುದ್ರಿಸಿದ ಅಕ್ಷರ ಒತ್ತಿದರೆ ಬೆರಳಿಗೆ ಹತ್ತಿತು.

ಸುಂಕದ ಲೆಕ್ಕ

ಹೆಚ್ಚಿನವರ ಅಂದಾಜು ತಪ್ಪುವುದು ಇಲ್ಲೇ. ಸುಂಕ ಬೀಳುವುದು ವಸ್ತುವಿನ ಬೆಲೆಯ ಮೇಲೆ ಮಾತ್ರವಲ್ಲ, ಬೆಲೆ, ಸಾಗಣೆ, ವಿಮೆ ಮೂರನ್ನೂ ಕೂಡಿಸಿದ ಮೊತ್ತದ ಮೇಲೆ. ಮೊದಲು ಮೂಲ ಸುಂಕ, ಆ ಸುಂಕದ ಮೇಲೆ ಸಮಾಜ ಕಲ್ಯಾಣ ಸರ್ಚಾರ್ಜ್, ಆಮೇಲೆ ಇವೆಲ್ಲ ಕೂಡಿದ ಮೊತ್ತದ ಮೇಲೆ ಐಜಿಎಸ್‌ಟಿ. ಬೆಲೆ, ಸಾಗಣೆ, ವಿಮೆ ಕೂಡಿ ಮಾಲು 100 ರೂಪಾಯಿಯದು, ಮೂಲ ಸುಂಕ ನೂರಕ್ಕೆ 15, ಸರ್ಚಾರ್ಜ್ ಅದರ ಹತ್ತನೇ ಒಂದು, ಐಜಿಎಸ್‌ಟಿ ನೂರಕ್ಕೆ 18 ಎಂದು ಲೆಕ್ಕಕ್ಕೆ ಇಟ್ಟುಕೊಂಡರೆ: 100 ಮತ್ತು 15 ಮತ್ತು 1.50 ಸೇರಿ 116.50, ಅದರ ಮೇಲೆ 20.97. ಒಟ್ಟು ಸುಮಾರು 137.50. ದರಗಳು ಬಜೆಟ್ಟಿನಿಂದ ಬಜೆಟ್ಟಿಗೆ, ವಸ್ತುವಿನಿಂದ ವಸ್ತುವಿಗೆ ಬದಲಾಗುತ್ತವೆ, ತರಿಸುವ ವಾರವೇ ನೋಡಿಕೊಳ್ಳಿ.

ಬಿಲ್ಲಿನಲ್ಲಿ 'ಕಾರಿನ ಸಾಮಾನು' ಎಂದು ಒಟ್ಟಾರೆ ಬರೆಸಬೇಡಿ. ಸುಂಕದ ಪಟ್ಟಿಯ 8407ನೇ ಶೀರ್ಷಿಕೆಯಲ್ಲಿ ರೋಟರಿ ಎಂಜಿನ್ನಿನ ಹೆಸರು ಪಿಸ್ಟನ್ ಎಂಜಿನ್ನಿನ ಪಕ್ಕದಲ್ಲೇ ಇದೆ. ಅದರ ಬಿಡಿಭಾಗಗಳು 8409ರಲ್ಲಿ, ರಬ್ಬರಿನ ಸೀಲುಗಳು 4016ರಲ್ಲಿ, ಸ್ಪಾರ್ಕ್ ಪ್ಲಗ್ 8511ರಲ್ಲಿ ಬರುತ್ತವೆ. ಪ್ರತಿಯೊಂದಕ್ಕೂ ಸಂಖ್ಯೆ, ಬೆಲೆ ಬಿಡಿಯಾಗಿ ಬರೆದಿದ್ದರೆ ಅಧಿಕಾರಿಗೂ ಸುಲಭ, ನಿಮಗೂ ಸುಲಭ. 'ಉಡುಗೊರೆ ಎಂದು ಬರೆದು ಕಳಿಸುತ್ತೇವೆ' ಎನ್ನುವ ಮಾರಾಟಗಾರರಿದ್ದಾರೆ. ಉಡುಗೊರೆಗಿದ್ದ ವಿನಾಯಿತಿ 2019ರ ಡಿಸೆಂಬರಿನಲ್ಲೇ ಹೋಯಿತು, ರಾಖಿಯಂಥ ಒಂದೆರಡಕ್ಕೆ ಮಾತ್ರ ಉಳಿದಿದೆ. ಬೆಲೆ ಇಳಿಸಿ ಬರೆಸಿದರೆ ದಾರಿಯಲ್ಲಿ ಒಡೆದಾಗ ವಿಮೆಯವರು ಕೊಡುವುದೂ ಆ ಇಳಿಸಿದ ಬೆಲೆಯನ್ನೇ.

ಕೊರಿಯರಿನವರು ತೂಕವನ್ನು ಎರಡು ಬಗೆಯಲ್ಲಿ ನೋಡುತ್ತಾರೆ: ತಕ್ಕಡಿಯ ತೂಕ, ಮತ್ತು ಪೆಟ್ಟಿಗೆಯ ಉದ್ದ-ಅಗಲ-ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸಿದ ತೂಕ. ಯಾವುದು ಹೆಚ್ಚೋ ಅದಕ್ಕೆ ಹಣ. 60×50×25ರ ಪೆಟ್ಟಿಗೆಯಲ್ಲಿ ಹತ್ತಿ ತುಂಬಿದರೂ 15 ಕಿಲೋ. ಆದ್ದರಿಂದ ಹೌಸಿಂಗನ್ನು ಅದರದೇ ಬಿಗಿಯಾದ ಪೆಟ್ಟಿಗೆಯಲ್ಲಿ, ಸೀಲುಗಳನ್ನು ಬೇರೆ ಚಿಕ್ಕ ಪೊಟ್ಟಣದಲ್ಲಿ ತರಿಸಿ. ಹಾಗೆಂದು ಚಿಕ್ಕ ಪೆಟ್ಟಿಗೆಯ ಆಸೆಗೆ ಸುತ್ತಲಿನ ಫೋಮನ್ನು ಕಡಿಮೆ ಮಾಡಿಸಬೇಡಿ. ನಮ್ಮ ಮೊದಲ ಹೌಸಿಂಗ್ ಬಂದದ್ದು ಅಂಚಿನಲ್ಲಿ ಅಕ್ಕಿಕಾಳಿನಷ್ಟು ಚೂರು ಹಾರಿ. ಪೆಟ್ಟಿಗೆ ತೆರೆಯುವುದನ್ನು ಮೊದಲಿನಿಂದ ಕೊನೆಯವರೆಗೆ ವೀಡಿಯೊ ಮಾಡಿದ್ದರಿಂದ ಬದಲಿ ಸಿಕ್ಕಿತು, ಎರಡು ತಿಂಗಳು ಹೋಯಿತು.

ಹೊಸ ಹೌಸಿಂಗಿನ ಒಳಮೈಯಲ್ಲಿ ಸೂಜಿಮೊನೆಯಷ್ಟು ಸಣ್ಣ ಸಣ್ಣ ತೂತುಗಳು ಕಂಡರೆ ಹಿಂದಿರುಗಿಸಲು ಓಡಬೇಡಿ. ಎಣ್ಣೆ ಹಿಡಿದಿಟ್ಟುಕೊಳ್ಳಲೆಂದು ಬೇಕೆಂದೇ ಬಿಟ್ಟ ರಂಧ್ರಗಳು ಅವು.

ಮಳೆಗಾಲ

ಜಪಾನಿನ ಕೈಪಿಡಿಯಲ್ಲಿ ಮಲೆನಾಡಿನ ಆಷಾಢದ ಅಧ್ಯಾಯವಿಲ್ಲ. ಪಕ್ಕದ ಫಲಕಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಬೆಳಿಗ್ಗೆ ಅಳೆಯೋಣವೆಂದು ಮಲಗಿದೆ. ಜೂನ್ ತಿಂಗಳು. ಬೆಳಿಗ್ಗೆ ನೋಡಿದರೆ ಮೂರೂ ಫಲಕಗಳ ಮೇಲೆ ಹಳದಿ-ಕೆಂಪು ಪುಡಿ. ಉಜ್ಜಿದರೆ ಹೋಯಿತು, ಇನ್ನೊಂದು ದಿನ ಬಿಟ್ಟಿದ್ದರೆ ಗುಳಿ ಬೀಳುತ್ತಿತ್ತು. ತೊಳೆದ ಗಳಿಗೆಯಲ್ಲೇ ಎಂಜಿನ್ ಆಯಿಲ್ ಸವರಿ, ತುಕ್ಕು ತಡೆಯುವ ಕಾಗದದಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ. ಹೊಸ ಸೀಲುಗಳ ಮೂಲ ಪೊಟ್ಟಣವನ್ನು ಜೋಡಿಸುವ ದಿನದವರೆಗೆ ಒಡೆಯಬೇಡಿ. ಕಾರವಾರ, ಅಂಕೋಲೆ, ಕುಮಟೆಯ ಕಡೆಯವರಿಗೆ ಮಳೆಯಿಲ್ಲದಾಗಲೂ ಉಪ್ಪುಗಾಳಿ ಇರುವುದರಿಂದ ಈ ಶಿಸ್ತು ವರ್ಷಪೂರ್ತಿ. ನಾನು ಎರಡನೇ ವರ್ಷ ಅಡಿಕೆ ಒಣಗಿಸುವ ಡ್ರೈಯರಿನ ಒಂದು ಮೂಲೆಯನ್ನು ಕಬ್ಬಿಣದ ಭಾಗಗಳಿಗೆ ಬಿಡಿಸಿಕೊಂಡೆ. ರಬ್ಬರಿನ ಓ-ರಿಂಗುಗಳನ್ನು ಮಾತ್ರ ಅಲ್ಲಿಡಬೇಡಿ, ಶಾಖಕ್ಕೆ ಗಡುಸಾಗುತ್ತವೆ. ಕೊನೆಯ ಜೋಡಣೆಯನ್ನು ದೀಪಾವಳಿ ಕಳೆದ ಮೇಲೆ ಇಟ್ಟುಕೊಳ್ಳಿ. ಅಡಿಕೆಯ ಕೊನೆಕೊಯ್ಲು ಶುರುವಾದರೆ ಕೈಗೆ ಬಿಡುವಿರುವುದಿಲ್ಲ, ಆ ಎರಡರ ನಡುವೆ ಸಿಗುವುದು ಕೆಲವೇ ವಾರ.

ಊರಲ್ಲೇ ಸಿಗುವವು

ಎಲ್ಲವೂ ಸಮುದ್ರ ದಾಟಿ ಬರಬೇಕಿಲ್ಲ. ಫ್ಲೈವೀಲಿನ ನಟ್ಟಿಗೆ 54 ಮಿ.ಮೀ. ಸಾಕೆಟ್ ಬೇಕು, ಶಿರಸಿಯ ಲೇತ್ ಕೆಲಸದವರೊಬ್ಬರು ಹಳೆಯ ಟ್ರಾಕ್ಟರಿನ ಸಾಕೆಟ್ಟನ್ನೇ ಕೊರೆದು ಮಾಡಿಕೊಟ್ಟರು. ಎಂಜಿನ್ ನಿಲ್ಲಿಸುವ ಸ್ಟ್ಯಾಂಡು, ಫ್ಲೈವೀಲ್ ತಿರುಗದಂತೆ ಹಿಡಿಯುವ ಆಂಗಲ್ ಪಟ್ಟಿ ಅಲ್ಲೇ ಆದವು. ಕೂಲೆಂಟ್ ಪೈಪು, ಕ್ಲಿಪ್ಪು, ಸಿಲಿಕಾನ್ ಸೀಲಂಟ್, ಎಣ್ಣೆ, ತಾಮ್ರದ ವಾಷರ್ ಹುಬ್ಬಳ್ಳಿಯಲ್ಲಿ ಸಿಗುತ್ತವೆ. ಜೋಡಿಸುವಾಗ ಸೀಲುಗಳು ತೋಡಿನಿಂದ ಬೀಳದಂತೆ ಹಿಡಿಯುವ ಅಂಟು ಮೆಡಿಕಲ್ ಅಂಗಡಿಯ ವ್ಯಾಸಲೀನ್.

ರೋಟರಿಯಲ್ಲಿ ಏಪೆಕ್ಸ್ ಸೀಲಿಗೆ ಎಣ್ಣೆ ಉಣಿಸುವ ಪಂಪು ಇದ್ದೇ ಇದೆ. ಅದರ ಮೇಲೆ ಭರವಸೆ ಸಾಲದವರು ಪೆಟ್ರೋಲಿಗೇ ಒಂದಿಷ್ಟು ಟೂ-ಸ್ಟ್ರೋಕ್ ಎಣ್ಣೆ ಬೆರೆಸುತ್ತಾರೆ. ಹುಲ್ಲು ಕತ್ತರಿಸುವ ಯಂತ್ರಕ್ಕೆ ದಿನವೂ ಎಣ್ಣೆ ಬೆರೆಸುವ ನಮಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ, ಪ್ರಮಾಣ ಮಾತ್ರ ಅದಕ್ಕಿಂತ ಬಹಳ ಕಡಿಮೆ. ಪಂಪು ಇಲ್ಲದಿದ್ದರೂ 10 ಲೀಟರಿಗೆ 100 ಮಿಲಿ ಸಾಕಾಗುತ್ತದೆ. ಬೂದಿ ಕಡಿಮೆ ಬಿಡುವ ಎಣ್ಣೆಯನ್ನೇ ಆರಿಸಬೇಕು. ಯಾವುದೆಂದು ನನಗೆ ತೋರಿಸಿಕೊಟ್ಟವರು ಕಾರವಾರದ ಬೈತಖೋಲದಲ್ಲಿ ದೋಣಿಯ ಎಂಜಿನ್ ರಿಪೇರಿ ಮಾಡುವ ಹಿರಿಯರು. ರೋಟರಿಯನ್ನು ಅವರು ಕಂಡಿರಲಿಲ್ಲ. ಸವೆದ ಏಪೆಕ್ಸ್ ಸೀಲನ್ನು ಅಂಗೈಯಲ್ಲಿ ಹೊರಳಿಸಿ ನೋಡಿ, 'ತಮ್ಮಾ, ಇದು ಎಣ್ಣೆ ಸಾಲದೆ ಸವೆದದ್ದು' ಎಂದರು. ಬಿಚ್ಚಿ ನೋಡಿದಾಗ ಹಿಂದಿನ ಕೋಣೆಯ ಎಣ್ಣೆ ಕೊಳವೆ ಅರ್ಧ ಕಟ್ಟಿತ್ತು. ಹೊಸ ಹೌಸಿಂಗ್ ಹಾಕಿ ಆ ಕೊಳವೆಯನ್ನು ಹಾಗೆಯೇ ಬಿಟ್ಟಿದ್ದರೆ ಅದಕ್ಕೂ ಹಳೆಯದರ ಗತಿಯೇ ಆಗುತ್ತಿತ್ತು.

ಎರಡು ಹೆಚ್ಚಿಗೆ ತರಿಸಿ

ಸೈಡ್ ಸೀಲುಗಳು ಹೊಸದಾಗಿ ಬರುವಾಗ ಬೇಕಾದ್ದಕ್ಕಿಂತ ತುಸು ಉದ್ದ ಇರುತ್ತವೆ. ಪ್ರತಿಯೊಂದನ್ನೂ ಅದರದೇ ತೋಡಿನಲ್ಲಿ ಕೂರಿಸಿ, ಕಾರ್ನರ್ ಸೀಲಿಗೂ ಅದಕ್ಕೂ ನಡುವೆ 0.05 ಮಿ.ಮೀ. ಫೀಲರ್ ಹಗುರಾಗಿ ಹೋಗುವವರೆಗೆ ಒಂದು ತುದಿಯನ್ನು ನುಣುಪು ಅರದಿಂದ ಉಜ್ಜಬೇಕು. ಹೊಸ ಕಾರ್ನರ್ ಸೀಲ್ ಇಟ್ಟೇ ಅಳೆಯಬೇಕು, ಹಳೆಯದನ್ನಿಟ್ಟು ಅಳೆದರೆ ಲೆಕ್ಕ ತಪ್ಪುತ್ತದೆ. ಹಾಗಾಗಿ ಇವೆರಡನ್ನೂ ಒಟ್ಟಿಗೇ ತರಿಸಿರಬೇಕು. ಎರಡು ಸಲ ಉಜ್ಜು, ಒಂದು ಸಲ ಅಳೆ. ಒಂದು ಸಲ ಉಜ್ಜು, ಎರಡು ಸಲ ಅಳೆ. ಹನ್ನೆರಡಕ್ಕೆ ನನಗೆ ಮೂರು ರಾತ್ರಿ ಹಿಡಿಯಿತು. ಒಂಬತ್ತನೆಯದನ್ನು ಉಜ್ಜುವಾಗ ವಿದ್ಯುತ್ ಹೋಗಿ, ಟಾರ್ಚಿನ ಬೆಳಕಿನಲ್ಲಿ ಒಂದು ಎಳೆತ ಹೆಚ್ಚಾಗಿ, ಅಂತರ 0.20ಕ್ಕೆ ಹೋಯಿತು. ಕೈಪಿಡಿಯ ಕೊನೆಯ ಮಿತಿ 0.40 ಇರುವುದರಿಂದ ಎಂಜಿನ್ ಓಡದೇ ಇರುತ್ತಿರಲಿಲ್ಲ, ಆದರೆ ಹೊಸ ಎಂಜಿನ್ನಿನ ಅಳತೆ 0.15ರೊಳಗೆ. ಹೆಚ್ಚಿಗೆ ತರಿಸಿಟ್ಟಿದ್ದ ಎರಡರಲ್ಲಿ ಒಂದು ಆ ರಾತ್ರಿ ಹೊರಬಂತು.

ಕೊನೆಯ ಬಿಡಿಭಾಗವನ್ನು ಮೊದಲೇ ಆರ್ಡರ್ ಮಾಡಲು ಬರುವುದಿಲ್ಲ. ಎಂಜಿನ್ ಪೂರ್ತಿ ಪೇರಿಸಿ, ಬೋಲ್ಟು ಬಿಗಿದು, ಶಾಫ್ಟಿನ ತುದಿಗೆ ಡಯಲ್ ಗೇಜು ಇಟ್ಟು ಹಿಂದೆ-ಮುಂದೆ ಎಷ್ಟು ಆಡುತ್ತದೆ ಎಂದು ನೋಡಿದಾಗಲೇ ಅದರ ಅಳತೆ ಗೊತ್ತಾಗುವುದು. ಆಟ ಸುಮಾರು 0.05ರಿಂದ 0.07 ಮಿ.ಮೀ. ಇರಬೇಕು, 0.09 ದಾಟಬಾರದು. ಅದನ್ನು ನಿರ್ಧರಿಸುವುದು ಮುಂಭಾಗದ ಬೇರಿಂಗುಗಳ ನಡುವಿನ ಒಂದು ಸ್ಪೇಸರ್ ಬಳೆ. ಅಕ್ಷರದ ಗುರುತಿನೊಂದಿಗೆ ಬೇರೆ ಬೇರೆ ದಪ್ಪದಲ್ಲಿ ಬರುತ್ತದೆ. ಆಟ ಹೆಚ್ಚಿದ್ದರೆ ಬಳೆಯನ್ನು ಗಾಜಿನ ಮೇಲೆ ಹಾಸಿದ ನಯವಾದ ಎಮರಿ ಕಾಗದದಲ್ಲಿ ಉಜ್ಜಿ ತೆಳು ಮಾಡಬಹುದು. ಕಡಿಮೆ ಇದ್ದರೆ ದಪ್ಪದ್ದನ್ನು ತರಿಸಲೇಬೇಕು. ನಮ್ಮದು 0.03 ತೋರಿಸಿತು.

ಮತ್ತೆ ಜಪಾನಿಗೆ ಆರ್ಡರ್, ಮತ್ತೆ ಕಾಯುವುದು. ಕಾರ್ತಿಕ ಮುಗಿಯುವ ಹೊತ್ತಿಗೆ ಅಂಚೆಯಣ್ಣ ಒಂದು ಚಿಕ್ಕ ಲಕೋಟೆ ತಂದರು. ಸುಂಕದ ಹಣ ಎಣಿಸಿಕೊಂಡು, ಲಕೋಟೆಯನ್ನು ಅಲ್ಲಾಡಿಸಿ ನೋಡಿ, 'ಒಳಗೆ ಉಂಗುರವೇ ಹೆಗಡೆಯವರೇ? ಯಾರ ಮದುವೆ?' ಎಂದು ಕೇಳಿದರು.